ಬೆಂಕಿ ಕಾಣದ ಹೊಲ

ತೇರದಾಳದಿಂದ ಹೊಳೆಯ ಕಡೆ ಹೋಗುವ ದಾರಿಯಲ್ಲಿ ವೃಷಭನ ಹೊಲ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಕಬ್ಬು ಕಡಿದ ಮೇಲೆ ಸುತ್ತಲಿನವರು ರವದಿಗೆ, ಎಂದರೆ ನೆಲದ ಮೇಲೆ ಉಳಿದ ಒಣ ಗರಿಗೆ, ಬೆಂಕಿ ಕೊಟ್ಟುಬಿಡುತ್ತಿದ್ದರು. ಎಲ್ಲ ಹೊಲಗಳೂ ಕರ್ರಗೆ ಬಿದ್ದಿರುತ್ತಿದ್ದವು. ನಡುವೆ ಇವನೊಬ್ಬನ ನೆಲ ಮಾತ್ರ ಆ ಗರಿಯನ್ನೇ ಕಂಬಳಿಯಂತೆ ಹೊದ್ದು ಮಲಗಿರುತ್ತಿತ್ತು. ಅಪ್ಪನಿಂದ ಹೊಲ ಕೈಗೆ ಬಂದ ವರ್ಷ ವೃಷಭ ಬಸದಿಯಲ್ಲಿ ಮುನಿಗಳ ಮುಂದೆ ಕೈಮುಗಿದು, ತನ್ನ ನೆಲಕ್ಕೆ ಎಂದೂ ಬೆಂಕಿ ಹಚ್ಚುವುದಿಲ್ಲವೆಂದು ವ್ರತ ಹಿಡಿದಿದ್ದ. ಅಂದಿನಿಂದ ಆ ಮಣ್ಣು ಬೆಂಕಿ ಕಂಡಿರಲಿಲ್ಲ.

ವ್ರತ ಹಿಡಿದವರು ಬಹಳ ಜನ ಇರುತ್ತಾರೆ, ಹಿಡಿದದ್ದನ್ನು ನಾಲ್ಕು ಮಂದಿಯೆದುರು ಹೇಳಿಕೊಳ್ಳದವರು ಕಡಿಮೆ. ವೃಷಭ ಹೇಳಿಕೊಳ್ಳುವವರ ಪೈಕಿ. ಹೊಲದ ಮಣ್ಣಿನ ಹೆಂಟೆಯೊಂದನ್ನು ಟವೆಲಿನಲ್ಲಿ ಕಟ್ಟಿಕೊಂಡು ಚಹಾದಂಗಡಿಗೆ ಬಂದು, ಎಲ್ಲರೆದುರು ಒಡೆದು, ಒಳಗೆ ಹೊರಳುವ ಎರೆಹುಳು ತೋರಿಸಿ, ಅದನ್ನು ಮತ್ತೆ ಹೊಲಕ್ಕೆ ಒಯ್ದು ಬಿಟ್ಟುಬರುವಷ್ಟು ಹೆಮ್ಮೆ ಅವನಿಗೆ. ಮಂದಿ ನಗುತ್ತಿದ್ದರು. ಆದರೆ ನಕ್ಕವರಲ್ಲೇ ಒಬ್ಬಿಬ್ಬರು ಸದ್ದಿಲ್ಲದೆ ಬೆಂಕಿ ಹಚ್ಚುವುದನ್ನು ಬಿಟ್ಟಿದ್ದರು. ಪಕ್ಕದ ಹೊಲದ ಶಿದ್ರಾಮಪ್ಪ, ಯಾವ ಮಾತಿಗೂ ಸುಲಭಕ್ಕೆ ಹೂಂ ಅನ್ನದ ಮನುಷ್ಯ, ಅವನು ಕೂಡ ಈ ಸಲ ರವದಿ ಸುಡದೆ ನೋಡೋಣವೆಂದು ತಡೆದು ಕೂತಿದ್ದ. ವೃಷಭನಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇಕಿರಲಿಲ್ಲ.

ಈ ವರ್ಷ ಗೋವಿನಜೋಳ ಕಟಾವಿಗೆ ಬಂದ ಹೊತ್ತಿನಲ್ಲಿ ಮಳೆ ಹಿಡಿಯಿತು. ತೆನೆಗಳು ದಂಟಿನ ಮೇಲೆಯೇ ನೆನೆದವು. ಸಿಪ್ಪೆ ಬಿಚ್ಚಿದರೆ ಒಳಗೆ ಬಿಳಿ, ಗುಲಾಬಿ, ಹಸಿರು ಬೂಸ್ಟು, ಊರವರ ಬಾಯಲ್ಲಿ ಬೂರಸ. ಬನಹಟ್ಟಿಯಿಂದ ಬಂದ ದಲ್ಲಾಳಿ ಒಂದು ತೆನೆ ಮೂಸಿ ನೋಡಿ, ಕೈ ಒರೆಸಿಕೊಂಡು ಗಾಡಿ ಹತ್ತಿದ. ರೈತರು ದಂಟು, ತೆನೆ ಎಲ್ಲವನ್ನೂ ಒಟ್ಟಿ ಸುಡುವ ಸಿದ್ಧತೆಗೆ ನಿಂತರು. ವೃಷಭ ಸುಮ್ಮನಿದ್ದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಸುಮ್ಮನಿರುವುದು ಅವನಿಂದ ಆಗುವ ಕೆಲಸವಲ್ಲ.

"ಬೂರಸದಾಗೂ ಜೀವ ಐತ್ರಿ. ಒಂದೊಂದು ತೆನ್ಯಾಗ ಎಣಿಸಲಾರದಷ್ಟು ಜೀವ. ಸುಡಬ್ಯಾಡ್ರಿ. ನನ್ನ ಹೊಲಕ್ಕ ತಂದು ಹಾಕ್ರಿ, ನನ್ನ ಎರಿಹುಳಾ ತಿಂದು ಮಣ್ಣು ಮಾಡ್ತಾವು," ಎಂದ.

ಜನಕ್ಕೆ ಇನ್ನೇನು ಬೇಕು? ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್ ಬಂದವು. ಶಿದ್ರಾಮಪ್ಪನದೇ ಎಲ್ಲರಿಗಿಂತ ಹೆಚ್ಚು. ವೃಷಭ ಅರ್ಧ ಹೊಲಕ್ಕೆ ಅದನ್ನು ಹರಡಿ ರೋಟಾವೇಟರ್ ಹೊಡೆಸಿ ಮಣ್ಣಿಗೆ ಬೆರೆಸಿದ. ಇನ್ನರ್ಧದಲ್ಲಿ ಕಬ್ಬಿನ ರವದಿ ಎಂದಿನಂತೆ ಹಾಗೇ ಇತ್ತು. ಹರಡಿ ಉಳಿದ ತೆನೆ, ದಂಟು ಬಂಡಿದಾರಿಯ ಮಗ್ಗುಲಲ್ಲಿ, ಬಯಲಿನಲ್ಲಿ ಆಳೆತ್ತರದ ಒಟ್ಟಿಲಾಗಿ ನಿಂತಿತು.

ಇಂದು ಬೆಳಗ್ಗೆ ಅವನು ಹೊಲಕ್ಕೆ ಬಂದಾಗ ಮೊದಲು ಕಂಡದ್ದು ನೆಲದ ಮೇಲೆ ಬಿದ್ದಿದ್ದ ಎರೆಹುಳುಗಳು. ಮಳೆ ಬಂದಾಗ ಹೊರಗೆ ಬರುವುದು ಬೇರೆ. ಇವು ಬಿಸಿಲಿಗೆ ಮೈಯೊಡ್ಡಿ ಬಿದ್ದಿದ್ದವು, ಕಡ್ಡಿಯಿಂದ ಮುಟ್ಟಿದರೂ ಸರಿಯಲಿಲ್ಲ. ವೃಷಭ ಕಳೆ ತೆಗೆಯುವ ಕುರ್ಚಿಗೆಯಿಂದ ಮಣ್ಣು ಕೆದರಿದ. ರೋಟಾವೇಟರ್ ಹೊಡೆಸಿ ಇಷ್ಟು ದಿನವಾದರೂ ತೆನೆಯ ಚೂರುಗಳು ಕೊಳೆತಿರಲಿಲ್ಲ, ಉಪ್ಪಿನಕಾಯಿಗೆ ಹಾಕಿದಂತೆ ಹಾಗೇ ಇದ್ದವು. ಕಸ ಎತ್ತಿದರೆ ಪಟಪಟನೆ ಜಿಗಿಯುವ ಬಿಳಿ ಹುಳಗಳಿಲ್ಲ. ಗೆದ್ದಲಿಲ್ಲ, ಇರುವೆಯಿಲ್ಲ. ಅವನು ಓಡಿಹೋಗಿ ರವದಿಯ ಅರ್ಧದಲ್ಲಿ ಕೆದರಿ ನೋಡಿದ. ಅಲ್ಲಿ ಎಲ್ಲವೂ ಇದ್ದವು. ಒಂದೇ ಹೊಲ, ಒಂದೇ ಮಣ್ಣು, ನಡುವೆ ಒಂದು ಕಾಲುದಾರಿ. ಆಚೆ ಜೀವ ತುಂಬಿ ತುಳುಕುತ್ತಿತ್ತು, ಈಚೆ ತಾನೇ ಕರೆತಂದ ಸಾವು ಬಿದ್ದಿತ್ತು.

ಜಮಖಂಡಿಯಲ್ಲಿ ದನದ ದವಾಖಾನೆಯ ಡಾಕ್ಟರಾಗಿರುವ ಮಗಳು ಮಾನಸಿಗೆ ಫೋನು ಹಚ್ಚಿದ. ಹಿಂದಿನ ವಾರ ಅವಳು ಊರಿಗೆ ಬಂದಾಗ ಆ ಒಟ್ಟಿಲಿನ ಒಂದೆರಡು ತೆನೆ ಚೀಲಕ್ಕೆ ಹಾಕಿಕೊಂಡು ಪರೀಕ್ಷೆಗೆ ಕಳಿಸಿದ್ದಳು.

"ನಾನೇ ಫೋನ್ ಮಾಡಾಕಿ ಇದ್ನೆಪ್ಪಾ," ಎಂದಳು ಮಾನಸಿ. "ವರದಿ ಬಂದೈತಿ. ವಿಷ ಬಾಳ ಐತಿ ಅದರಾಗ. ಬೂರಸ ಒಣಗಿ ಸತ್ತರೂ ಅದು ಉಗುಳಿದ ವಿಷ ಸಾಯಂಗಿಲ್ಲ. ದನಾ ಕುರಿ ಒಂದೂ ಮುಟ್ಟಬಾರದು. ಗಬ್ಬದ ಕುರಿ ತಿಂದ್ರ ಕಂದು ಹಾಕ್ತಾವು, ಕುರಿ ಉಳಿಯೂದೂ ಖಾತ್ರಿ ಇಲ್ಲ."

"ಹುಳಾ ತಿಂದು ಮಣ್ಣು ಮಾಡ್ತಾವಂತ ತಿಳಕೊಂಡಿದ್ನಲ್ಲವಾ."

"ಒಂದು ಹೊಲದ್ದಷ್ಟ ಇದ್ರ ಮಾಡ್ತಿದ್ವು. ನೀವು ಊರಂದೆಲ್ಲಾ ತಂದು ಅವುಕ್ಕ ತಿನ್ನಸಾಕ ಹ್ವಾದ್ರಿ. ಮಣ್ಣಾಗ ಬೆರೆತದ್ದು ಬಿಡ್ರಿ, ಉಳದ ಹುಳಾ, ಬಿಸಲಾ, ನಿಧಾನಕ್ಕ ಅರಗಸ್ಕೊಂತಾವು. ಆ ದಾರಿ ಮಗ್ಗಲದ ಒಟ್ಟಲಾ ಮಾತ್ರ ಇರಬಾರದು." ಅಪ್ಪನ ವ್ರತ ಅವಳಿಗೆ ಗೊತ್ತಿಲ್ಲದ್ದೇನಲ್ಲ. "ಸುಡಬೇಕಪ್ಪಾ ಅದನ್ನ."

ಫೋನು ಇಟ್ಟಮೇಲೆ ವೃಷಭನಿಗೆ ಇನ್ನೊಂದು ನೆನಪಾಯಿತು. ಇಂದು ಲಗಮವ್ವನ ಕುರಿ ಬರುವ ದಿನ.

ಬೀಳಗಿ ಕಡೆಯ ಲಗಮವ್ವ, ಅವಳ ಗಂಡ ಮಾಳು, ಪ್ರತಿ ವರ್ಷ ಸುಗ್ಗಿಯ ನಂತರ ತಮ್ಮ ಹಿಂಡು ಹೊಡೆದುಕೊಂಡು ಈ ಹೊಲಕ್ಕೆ ಬರುತ್ತಿದ್ದರು. ಹಗಲು ಕುರಿಗಳು ಹೊಲದ ಸೊಪ್ಪು ಸದೆ ಮೇಯುತ್ತಿದ್ದವು, ರಾತ್ರಿ ಬಲೆ ಕಟ್ಟಿ ಅಲ್ಲೇ ತರುಬಿದರೆ ಹಿಕ್ಕೆ, ಗಂಜಲ ನೆಲಕ್ಕೆ ಬೀಳುತ್ತಿತ್ತು. ವೃಷಭನ ಅಪ್ಪನಿಗೂ ಲಗಮವ್ವನ ಮಾವನಿಗೂ ನಡುವೆ ಶುರುವಾದ ರೂಢಿ ಇದು. ಅದರೊಳಗೆ ಇನ್ನೊಂದು ರೂಢಿಯಿತ್ತು. ಹಿಂಡು ಹೊಲಕ್ಕೆ ಕಾಲಿಡುವ ಮುಂಚೆ, ಅದರೊಳಗಿನ ಒಂದು ಗಬ್ಬದ ಕುರಿಗೆ ಹೊಲದ ಧಣಿಯೇ ಆ ಹೊಲದ ಮೇವು ಮೊದಲ ಹಿಡಿ ತಿನ್ನಿಸಬೇಕು. ನನ್ನ ನೆಲದಲ್ಲಿ ನಿನ್ನ ಜೀವಕ್ಕೆ ಕೇಡಿಲ್ಲ ಎಂಬ ಮಾತು ಅದು. ಬಾಯಿಂದ ಹೇಳುವುದಿಲ್ಲ, ಕೈಯಿಂದ ಹೇಳುತ್ತಾರೆ.

ಮಾಳುವಿನ ಫೋನು ಸ್ವಿಚ್ ಆಫ್ ಬರುತ್ತಿತ್ತು. ವೃಷಭ ಮತ್ತೆ ಮತ್ತೆ ಹಚ್ಚಿದ. ದಾರಿಗೆ ಎದುರು ಹೋಗಿ ತಡೆಯಬಹುದಿತ್ತು. ಮೋಟರ್‌ಸೈಕಲ್ ಮನೆಯ ಮುಂದೆಯೇ ನಿಂತಿತ್ತು. ಆದರೆ ಹೋದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ. ಬೆಂಕಿ ಹಚ್ಚಬೇಡಿರೆಂದು ಊರಿಗೆಲ್ಲ ಉಪದೇಶ ಮಾಡಿದವನ ಹೊಲದಲ್ಲೇ ಹುಳು ಸತ್ತವಂತೆ, ನೋಡ್ರಪ್ಪಾ ಎನ್ನುತ್ತಾರೆ. ಶಿದ್ರಾಮಪ್ಪ ಅಂತೂ ಆಡಿಕೊಂಡು ನಗುತ್ತಾನೆ. ಹೀಗೆ ಯೋಚಿಸುತ್ತ ಕೂತಲ್ಲೇ ಮಧ್ಯಾಹ್ನ ಕಳೆಯಿತು. ಕೊನೆಗೆ ಒಂದು ಉಪಾಯ ಹೊಳೆಯಿತು, ಹೇಡಿಗಳಿಗೆ ಹೊಳೆಯುವಂಥದ್ದೇ. ಕುರಿಯನ್ನು ರವದಿಯ ಅರ್ಧದಲ್ಲಿ ತರುಬಿಸುವುದು. ಯಾಕೆಂದು ಹೇಳದಿದ್ದರಾಯಿತು.

ಹೊತ್ತು ಪಡುವಣಕ್ಕೆ ವಾಲಿದಾಗ ದೂಳು ಎದ್ದಿತು. ಮುಂದೆ ಮಾಳು, ನಡುವೆ ಹಿಂಡು, ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಲಗಮವ್ವ. ದೂರದಿಂದ ನಡೆದುಬಂದ ಕುರಿಗಳು ಹಸಿದಿದ್ದವು. ಮೂಗು ಮೇಲೆತ್ತಿ ದಾರಿ ಮಗ್ಗುಲಿನ ಒಟ್ಟಿಲಿನತ್ತ ನುಗ್ಗತೊಡಗಿದವು. ಮಾಳು ಕೋಲು ಅಡ್ಡ ಹಿಡಿದು ತಡೆದ.

"ಈ ಕಡೆ ಬ್ಯಾಡ, ಆ ಕಡೆ ರವದ್ಯಾಗ ತರಬ್ರಿ," ಎಂದ ವೃಷಭ. ಧ್ವನಿ ಅವನಿಗೇ ಬೇರೆಯವರದ್ದು ಅನಿಸಿತು.

"ಯಾಕ್ರಿ ಅಣ್ಣಾರ, ಈ ಕಡೆ ಮೇವು ರಗಡ ಐತೆಲ್ರಿ," ಎಂದಳು ಲಗಮವ್ವ.

"ಅಲ್ಲಿ ಕಬ್ಬು ಹಚ್ಚೂದೈತಿ. ಗೊಬ್ಬರ ಅಲ್ಲೇ ಬೇಕಾಗೇತಿ."

ಅವಳು ಅದನ್ನು ನಂಬಿದಳು. ವರ್ಷಗಟ್ಟಲೆ ಬಂದ ಹೊಲ, ನಂಬದೆ ಏನು ಮಾಡಿಯಾಳು? ನಂಬಿದ್ದೇ ವೃಷಭನಿಗೆ ಮುಖಕ್ಕೆ ಹೊಡೆದಂತಾಯಿತು. ಲಗಮವ್ವ ಹಿಂಡಿನೊಳಗೆ ಹೋಗಿ, ಹೊಟ್ಟೆ ಕೆಳಗೆ ಜೋತ ಒಂದು ಕರಿಯ ಕುರಿಯನ್ನು ಕೊರಳಿಗೆ ಕೈಹಾಕಿ ಕರೆತಂದಳು. ಬರುತ್ತ ಒಟ್ಟಿಲಿನಿಂದ ಒಂದು ತೆನೆ ಹಿರಿದುಕೊಂಡಳು. ಅದರ ಸಿಪ್ಪೆ ಒಣಗಿತ್ತು, ಮೇಲೆ ಏನೂ ಕಾಣುತ್ತಿರಲಿಲ್ಲ. ಅದನ್ನು ಅವನ ಅಂಗೈಯಲ್ಲಿ ಇಟ್ಟಳು.

"ಮೊದಲನೇ ಹಿಡಿ ನಿಮ್ಮ ಕೈಲೆ ಆಗಲ್ರಿ. ಇನ್ನೇನು ನಾಳೆ ನಾಡದ ಈಯೂದೈತಿ ಇದು. ಮನ್ಯಾಗ ಹುಟ್ಟಿದ್ದು, ನನ್ನ ಕೈಯಾಗ ಬೆಳದದ್ದು."

ಕುರಿ ಕತ್ತು ಚಾಚಿತು. ಅದರ ಬಿಸಿ ಉಸಿರು ವೃಷಭನ ಬೆರಳಿಗೆ ತಾಗಿತು. ತೆನೆಯ ತುದಿಯಲ್ಲಿ ಸಿಪ್ಪೆ ಸರಿದು ಗುಲಾಬಿ ಬೂಸ್ಟು ಕಂಡಿತು. ಕುರಿ ನಾಲಿಗೆ ಹೊರಚಾಚಿತು. ಆ ಕ್ಷಣಕ್ಕೆ ಅವನಿಗೆ ಊರು, ಚಹಾದಂಗಡಿ, ಶಿದ್ರಾಮಪ್ಪ ಯಾವುದೂ ನೆನಪಾಗಲಿಲ್ಲ. ಬೆಳಗ್ಗೆ ಕಡ್ಡಿಯಿಂದ ಮುಟ್ಟಿದರೂ ಸರಿಯದ ಹುಳು ಮಾತ್ರ ಕಣ್ಣ ಮುಂದೆ ಬಂತು. ಅವನು ಮುಷ್ಟಿ ಬಿಗಿದು ಕೈ ಎಳೆದುಕೊಂಡ. ಕುರಿ ಇನ್ನೂ ಮುಂದೆ ಬಂತು. ಅವನು ತೆನೆಯನ್ನು ಬೆನ್ನ ಹಿಂದೆ, ಪಂಚೆಯ ಗಂಟಿಗೆ ಸಿಕ್ಕಿಸಿ ಬಚ್ಚಿಟ್ಟ.

"ಕೊಡಂಗಿಲ್ಲ ಲಗಮವ್ವಾ. ಇದರಾಗ ವಿಷ ಐತಿ. ಈ ಒಟ್ಟಲಾ ಪೂರಾ ವಿಷ."

ಲಗಮವ್ವ ಮೊದಲು ಕುರಿಯನ್ನು ಹಿಂದಕ್ಕೆ ಎಳೆದುಕೊಂಡಳು. ಮಾತು ಆಮೇಲೆ ಬಂತು.

"ಯಾವಾಗ ಗೊತ್ತಾತ್ರಿ ನಿಮಗ?"

"ಮುಂಜಾನಿ. ಹುಳಾ ಸತ್ತಿದ್ವು. ಮಾನಸಿ ಹೇಳಿದ್ಲು."

"ಮುಂಜಾನಿ ಗೊತ್ತಾಗೇತಿ. ನಾವು ಬಂದ ಮ್ಯಾಲೂ ಕಬ್ಬು ಹಚ್ಚೂ ಮಾತು ಹೇಳಿದ್ರಿ." ಅವಳು ಧ್ವನಿ ಏರಿಸಲಿಲ್ಲ. "ರಾತ್ರಿ ಎರಡು ಕುರಿ ತಪ್ಪಿಸಿಕೊಂಡು ಈ ಕಡೆ ಬಂದಿದ್ರ? ನಮಗ ಹೊಲಾ ಇಲ್ಲ, ಮನಿ ಇಲ್ಲ. ಇವ ಅದಾವು. ಇಷ್ಟ ನಮ್ಮ ಬದುಕು. ನಿಮ್ಮ ಹುಳದ ಮ್ಯಾಲಿನ ಕನಿಕರ ನಮ್ಮ ಮ್ಯಾಲ ಇರಬಾರದಾಗಿತ್ತೇನ್ರಿ?"

ನಾಚಿಕೆಯಿಂದ ವೃಷಭನ ಕಿವಿ ಸುಡುತ್ತಿತ್ತು.

ಹಿಂಡನ್ನು ಬೇರೆಡೆಗೆ ಒಯ್ಯುವಂತೆಯೂ ಇರಲಿಲ್ಲ. ಸುತ್ತಲೂ ನಿಂತ ಕಬ್ಬು, ಇಲ್ಲವೆ ಸುಟ್ಟ ನೆಲ, ಸುಡದ ಶಿದ್ರಾಮಪ್ಪನ ಹೊಲವೂ ಒಟ್ಟಿಲಿಗೆ ಅಷ್ಟೇ ಹತ್ತಿರ. ಕುರಿಗಳು ನಡೆದು ಸೋತಿದ್ದವು, ಆದರೂ ಮತ್ತೆ ಮತ್ತೆ ಒಟ್ಟಿಲಿನತ್ತ ತಿರುಗುತ್ತಿದ್ದವು. ಮಾಳು ಆ ಕಡೆಯಿಂದ ಈ ಕಡೆಗೆ ಓಡಿ ತಡೆಯುತ್ತಿದ್ದ. ನಾಳೆ ಇದೇ ಬಂಡಿದಾರಿಯಲ್ಲಿ ಇನ್ನೊಬ್ಬ ಕುರಿಗಾರ ಜಕ್ಕಪ್ಪನ ಹಿಂಡು ಬರುತ್ತದೆಂದು ಅವನೇ ಹೇಳಿದ. ಬಲೆ ಕಟ್ಟಿದರೆ ಹಸಿದ ಕುರಿಗೆ ಬಲೆ ಏನು ಲೆಕ್ಕ? ಹೂಳಬೇಕೆಂದರೆ ಜೆಸಿಬಿ ಬರಬೇಕು, ಅದು ನಾಡಿದ್ದಿನ ಮಾತು. ಮೇಲಾಗಿ ಇಷ್ಟನ್ನೂ ಮತ್ತೆ ಮಣ್ಣಿಗೇ ತಿನ್ನಿಸಿದರೆ ಉಳಿದ ಹುಳುಗಳ ಗತಿಯೇನು?

ಅಷ್ಟರಲ್ಲಿ ವೃಷಭನ ಹೆಂಡತಿ ರಾಜಮತಿ ಊಟದ ಡಬ್ಬಿ ಹಿಡಿದು ಬಂದಳು. ಹೊತ್ತು ಮುಳುಗಿದ ಮೇಲೆ ಜೈನರಾದ ಅವರು ಉಣ್ಣುವುದಿಲ್ಲ. ಗಂಡ ಮನೆಗೆ ಬಾರದ್ದು ನೋಡಿ ತಾನೇ ತಂದಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು, ಡಬ್ಬಿಯನ್ನು ಬದುವಿನ ಮೇಲಿಟ್ಟು, ಸೂರ್ಯನ ಕಡೆ ನೋಡಿದಳು.

"ಹಚ್ಚೂದಿದ್ರ ಹೊತ್ತು ಮುಣಗೂದ್ರಾಗ ಹಚ್ಚ್ರಿ," ಎಂದಳು. "ಕತ್ತಲಾದ್ರ ದೀಪದ ಹುಳಾ ಬಂದು ಬೆಂಕ್ಯಾಗ ಬೀಳ್ತಾವು. ಅವುಗಳ ಪಾಪಾನೂ ನಮ್ಮ ತಲಿಗೇ."

ಸೂರ್ಯ ಹೊಳೆಯಾಚೆಯ ಮರಗಳಿಗೆ ಮೊಳದಷ್ಟು ಮೇಲಿದ್ದ. ಮಾಳು ಅಂಗಿಯ ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದ. "ನಿಮ್ಮ ವ್ರತ ನಿಮಗಿರಲಿ ಅಣ್ಣಾರ. ಸರೀರಿ, ನಾ ಹಚ್ಚತೇನಿ."

ಎಷ್ಟು ಸುಲಭವಾಗಿತ್ತು. ಸರಿದು ನಿಂತರೆ ಸಾಕಿತ್ತು, ವ್ರತವೂ ಉಳಿಯುತ್ತಿತ್ತು, ಮಾತೂ ಉಳಿಯುತ್ತಿತ್ತು. ವೃಷಭನ ಮನಸ್ಸು ಅತ್ತ ವಾಲಿದ್ದು ಸುಳ್ಳಲ್ಲ. ಆದರೆ ಕೈ ಮುಂದೆ ಹೋಯಿತು.

"ಕೊಡು ಇಲ್ಲಿ. ನಾ ಮಾಡಬೇಕಾದ್ದನ್ನ ನಿನ್ನ ಕೈಲೆ ಮಾಡಿಸಿದ್ರ ಪಾಪ ಕಡಿಮಿ ಆಗಂಗಿಲ್ಲ ಮಾಳು. ಇಬ್ಬರಿಗೂ ಆಕೈತಿ."

ಮೊದಲು ಅವನು ಕೋಲು ತೆಗೆದುಕೊಂಡು ಒಟ್ಟಿಲಿನ ಸುತ್ತ ಬಡಿದ. ಒಳಗೆ ಇಲಿ, ಓತಿ, ಜರಿ ಏನಿದ್ದರೂ ಓಡಿಹೋಗಲಿ ಎಂದು. ಏನೂ ಓಡಲಿಲ್ಲ. ಗುದ್ದಲಿಯಿಂದ ಬದಿ ಎಳೆದು ಬಿಚ್ಚಿದ. ಒಳಗಿಂದ ಬಿಸಿ ಹಬೆ, ಕೊಳೆತ ವಾಸನೆ. ಆಳೆತ್ತರದ ಒಟ್ಟಿಲಿನಲ್ಲಿ ಒಂದು ಇರುವೆಯೂ ಇರಲಿಲ್ಲ. ಜೀವ ಉಳಿಸುತ್ತೇನೆಂದು ತಾನು ಒಟ್ಟಿದ ಜಾಗಕ್ಕೆ ಬೂಸ್ಟನ್ನು ಬಿಟ್ಟು ಯಾವ ಜೀವವೂ ಹತ್ತಿರ ಸುಳಿದಿರಲಿಲ್ಲ. ಅದು ಅವನನ್ನು ಹುಳು ಸತ್ತದ್ದಕ್ಕಿಂತ ಹೆಚ್ಚು ಹೆದರಿಸಿತು. ತೀರಾ ಕೆಳಗೆ, ಮಣ್ಣಿಗೆ ತಾಗಿದ ಅಂಚಿನಲ್ಲಿ ಮಾತ್ರ ಕೆಲವು ಎರೆಹುಳುಗಳು ಒಂದಕ್ಕೊಂದು ಹೆಣೆದುಕೊಂಡು ಮುದ್ದೆಯಾಗಿದ್ದವು. ಅವು ಇನ್ನೂ ಬದುಕಿದ್ದವು.

ವೃಷಭ ಮೊಣಕಾಲೂರಿ ಕೂತು ಅವನ್ನು ಬಿಡಿಸಿ ಟವೆಲಿಗೆ ಹಾಕತೊಡಗಿದ. ರಾಜಮತಿಯೂ ಬಾಗಿದಳು. ಹೊತ್ತು ಇಳಿಯುತ್ತಿತ್ತು. ಬೆರಳಿಗೆ ಸಿಕ್ಕ ಹುಳು ಜಾರಿ ಮತ್ತೆ ಕಸದೊಳಗೆ ನುಸುಳುತ್ತಿತ್ತು. ಲಗಮವ್ವ ಕರಿಯ ಕುರಿಯನ್ನು ಗಂಡನ ಕೈಗೆ ಕೊಟ್ಟು ಬಂದು ಕೂತಳು.

"ನಿಮ್ಮ ಮ್ಯಾಲಿನ ಸಿಟ್ಟು ಇಳದಿಲ್ರಿ," ಎಂದಳು, ಮಣ್ಣು ಕೆದರುತ್ತಲೇ. "ಇವೇನು ಮಾಡ್ಯಾವು ಪಾಪ."

ಟವೆಲನ್ನು ರವದಿಯ ಕಡೆಗೆ ಒಯ್ದು ಬಿಚ್ಚಿ ಬರುವಷ್ಟರಲ್ಲಿ ಸೂರ್ಯ ಮರಗಳನ್ನು ಮುಟ್ಟಿದ್ದ. ವೃಷಭ ಕಡ್ಡಿ ಗೀರಿದ. ಮೊದಲನೆಯದು ಮುರಿಯಿತು. ಎರಡನೆಯದು ಹತ್ತಿತು, ಆದರೆ ಒಟ್ಟಿಲು ಹತ್ತಲಿಲ್ಲ. ಒಳಗೆಲ್ಲ ತೇವ. ಹೊಗೆಯಾಡಿ ಆರಿತು. ಇನ್ನೊಂದು ಗೀರಿದ, ಅದೂ ಆರಿತು.

"ಒಣಗಿದ್ದು ಏನರೆ ಬೇಕ್ರಿ ಬುಡಕ್ಕ," ಎಂದ ಮಾಳು.

ಒಣಗಿದ್ದು ಒಂದೇ ಇತ್ತು. ವೃಷಭ ಕಾಲುದಾರಿ ದಾಟಿ ಹೋದ. ಇಷ್ಟು ವರ್ಷ ಒಂದು ಕಿಡಿ ತಾಗದಂತೆ ಕಾದ ರವದಿಯಲ್ಲಿ ಕೈಯಾಡಿಸಿ, ಮೇಲಿನ ಪದರ ಮಾತ್ರ, ಕೆಳಗಿನ ಹುಳುಗಳ ಹೊದಿಕೆ ಸರಿಯದಂತೆ ಒಂದು ತೆಕ್ಕೆ ಎತ್ತಿಕೊಂಡ. ಎದೆಗವಚಿ ತಂದು ಒಟ್ಟಿಲಿನ ಬುಡಕ್ಕೆ ತುರುಕಿದ. ಬಾಯಲ್ಲಿ ಣಮೋಕಾರ ಮಂತ್ರ ಬಂತು, ಮಧ್ಯದಲ್ಲೇ ನಿಂತಿತು. ಈ ಕೆಲಸಕ್ಕೆ ಅದನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಕಡ್ಡಿ ಗೀರಿ ರವದಿಗೆ ಹಿಡಿದ. ಈ ಸಲ ಉರಿ ಭಗ್ಗನೆ ಎದ್ದಿತು.

ಕುರಿಗಳು ಬೆದರಿ ರವದಿಯ ಅರ್ಧಕ್ಕೆ ಸರಿದವು. ಮಾಳು ಅಲ್ಲೇ ಗೂಟ ಬಡಿಯತೊಡಗಿದ. ವೃಷಭ ಬೆಂಕಿಯ ಮುಂದೆ ನಿಂತೇ ಇದ್ದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಹೊಗೆಗಲ್ಲ. ಅಳು ಬಂದಿತ್ತು, ಅತ್ತ. ರಾಜಮತಿ ಗುದ್ದಲಿಯಿಂದ ಒಟ್ಟಿಲು ಕೆದರುತ್ತ ಹೋದಳು, ಸೂರ್ಯ ಮುಳುಗುವ ಹೊತ್ತಿಗೆ ದೊಡ್ಡ ಉರಿ ಇಳಿದು ಕೆಂಡವಾಗಿತ್ತು. ಅದಕ್ಕೆ ಮಾಳು ಮತ್ತು ರಾಜಮತಿ ಮಣ್ಣು ಎಳೆದರು. ಡಬ್ಬಿ ಬದುವಿನ ಮೇಲೆ ಹಾಗೇ ಇತ್ತು.

ಆಗ ಬದುವಿನಾಚೆಯಿಂದ ಶಿದ್ರಾಮಪ್ಪನ ಧ್ವನಿ ಬಂತು.

"ವೃಷಭಣ್ಣಾ, ಕಡೀಕೂ ಹಚ್ಚಿದಿ ನೋಡು."

ಅದರಲ್ಲಿ ಕೊಂಕು ಇರಲಿಲ್ಲ. ಹೊರೆ ಇಳಿಸಿಕೊಂಡವನ ಧ್ವನಿ ಅದು. ವೃಷಭ ತಲೆಯೆತ್ತಿದ. ಹಳ್ಳದ ಕಡೆ ಒಂದು ಹೊಗೆ ಎದ್ದಿತ್ತು. ಅದರಾಚೆ ಇನ್ನೊಂದು. ಇವನ ಮುಖ ನೋಡಿ ಇಷ್ಟು ದಿನ ಕೈ ತಡೆದವರೆಲ್ಲ ಇವನ ಹೊಗೆ ನೋಡಿ ತಮ್ಮ ರವದಿಗೆ ಬೆಂಕಿ ಕೊಟ್ಟಿದ್ದರು. ಶಿದ್ರಾಮಪ್ಪ ತನ್ನ ರವದಿಯ ಅಂಚಿಗೆ ಬಗ್ಗಿ ಕಡ್ಡಿ ಗೀರುತ್ತಿದ್ದ.

ವಿಷದ ಮಾತು ಬಚ್ಚಿಟ್ಟಿದ್ದರೆ ಒಂದು ಹಿಂಡು ಹೋಗುತ್ತಿತ್ತು, ಕಾರಣ ಹೇಳದೆ ಸುಟ್ಟದ್ದಕ್ಕೆ ಈಗ ಒಂದು ಊರಿನ ಮಣ್ಣು ಹೋಗುತ್ತಿತ್ತು. ಹೇಳದೆ ಬೇರೆ ದಾರಿಯೇ ಇರಲಿಲ್ಲ. ಲಗಮವ್ವ ಕೊಟ್ಟ ತೆನೆ ವೃಷಭನ ನಡುವಿನ ಪಂಚೆಯ ಗಂಟಿನಲ್ಲಿ ಇನ್ನೂ ಸಿಕ್ಕಿಕೊಂಡಿತ್ತು. ಅದನ್ನು ಹಿರಿದು ಕೈಯಲ್ಲಿ ಹಿಡಿದು ಬದುವಿನತ್ತ ಓಡಿದ. ಬೆಳಗಿನಿಂದ ಊರಿಗೆ ಹೆದರಿ ಬಾಯಿ ಬಿಡದವನು, ಸುತ್ತಲಿನ ಹೊಲಗಳಿಗೆಲ್ಲ ಕೇಳುವಂತೆ ಕೂಗಿದ.

"ಶಿದ್ರಾಮಪ್ಪಾ, ತಡಿ. ಬೂರಸದ ತೆನಿ ಊರಂದೆಲ್ಲಾ ತಂದು ನನ್ನ ಹುಳಾ ನಾನೇ ಕೊಂದೇನಿ. ಲಗಮವ್ವನ ಕುರೀನೂ ಕೊಲ್ಲಾಂವ ಇದ್ದೆ. ತಪ್ಪು ಮಾಡೇನಿ, ಅದಕ್ಕ ಹಚ್ಚೇನಿ. ನಿನ್ನ ರವದಿ ಏನ ತಪ್ಪು ಮಾಡೇತಿ?"

ಶಿದ್ರಾಮಪ್ಪ ಬಗ್ಗಿದವನು ಹಾಗೇ ನಿಂತ. ಕಡ್ಡಿ ಉರಿಯುತ್ತ ಬೆರಳಿನ ತನಕ ಬಂತು. ಅವನು ವೃಷಭನ ಮುಖ ನೋಡಿದ, ಕೈಯಲ್ಲಿದ್ದ ತೆನೆ ನೋಡಿದ, ಹಿಂದೆ ಕರಿಯ ಕುರಿಯ ಕೊರಳು ಹಿಡಿದು ನಿಂತ ಲಗಮವ್ವನನ್ನು ನೋಡಿದ. ಬೆರಳು ಸುಟ್ಟಿತು. ಕಡ್ಡಿಯನ್ನು ಬದುವಿನ ಬರಿ ಮಣ್ಣಿನ ಮೇಲೆ ಒಗೆದು ಕಾಲಲ್ಲಿ ತುಳಿದ.

ವೃಷಭ ಅಲ್ಲಿ ನಿಲ್ಲಲಿಲ್ಲ. ಅವನನ್ನು ದಾಟಿ, ತೆನೆ ಹಿಡಿದುಕೊಂಡೇ, ಹಳ್ಳದ ಕಡೆಯ ಹೊಗೆಯತ್ತ ನಡೆದ.